ಯಳಂದೂರಿಗೆ ಎಷ್ಟು ಎಡಗಾಲು

...ಇಲ್ಲ, ಹುಣಿಸೆಬೀಜ ಎಡಗಡೆಯ ಜೋಬಿನಲ್ಲೇ ಇತ್ತು ಅಂತ ಕಾಣುತ್ತದೆ. ಎಡ ಜೋಬಿನಿಂದ ತೆಗೆದು ಬಲ ಜೋಬಿಗೆ ಹಾಕುತ್ತಿದ್ದರು. ಅಥವಾ ಬಲದಿಂದ ಎಡಕ್ಕೋ? ಇಷ್ಟು ಸಣ್ಣ ವಿಷಯದಲ್ಲೇ ನನ್ನ ನೆನಪು ಹೀಗೆ ತಡವರಿಸುತ್ತಿರುವಾಗ, ಮುಂದೆ ಹೇಳುವುದನ್ನು ನೀವು ಎಷ್ಟು ನಂಬಬೇಕು ಅನ್ನುವುದು ನಿಮಗೇ ಬಿಟ್ಟದ್ದು. ಆದರೆ ಒಂದು ಮಾತನ್ನು ಮಾತ್ರ ಎಲ್ಲಿ ಬೇಕಾದರೂ ನಿಂತು ಹೇಳಬಲ್ಲೆ. ಕೊಳ್ಳೇಗಾಲದಿಂದ ಯಳಂದೂರಿಗೆ ಇರುವ ದೂರಕ್ಕಿಂತ ಯಳಂದೂರಿನಿಂದ ಕೊಳ್ಳೇಗಾಲಕ್ಕೆ ಇರುವ ದೂರ ಹೆಚ್ಚು ಅಂತ ಅಳೆದು ಸಾಧಿಸಿದ ಮನುಷ್ಯ ಈ ಭೂಮಿಯ ಮೇಲೆ ಒಬ್ಬರೇ. ಅವರು ನನ್ನ ಸೋದರಮಾವ!

ನಗಬೇಡಿ. ದಾಖಲೆ ಇದೆ. ನಾಲ್ಕು ನೋಟ್ ಪುಸ್ತಕ ತುಂಬ ಇದೆ.

ಮಾವ ಕೊಳ್ಳೇಗಾಲದಲ್ಲಿ ರಸ್ತೆ ಮೇಸ್ತ್ರಿ. ಗುಂಡಿ ಮುಚ್ಚಿಸುವುದು, ಜಲ್ಲಿ ಹಾಸಿಸುವುದು, ವರ್ಷಕ್ಕೊಂದು ಸಲ ಮೈಲಿಗಲ್ಲುಗಳಿಗೆ ಸುಣ್ಣ ಬಳಿದು ಕರಿ ಬಣ್ಣದಲ್ಲಿ ಅಂಕಿ ಬರೆಸುವುದು ಅವರ ಕೆಲಸ. ಬರೆಸುವುದು ಅಂದೆನೇ? ತಪ್ಪು. ಆ ಅಂಕಿಗಳನ್ನು ಅವರು ಬೇರೆ ಯಾರ ಕೈಗೂ ಕೊಡುತ್ತಿರಲಿಲ್ಲ. ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಮದುಮಗಳಿಗೆ ಕಾಡಿಗೆ ಹಚ್ಚುವ ಹಾಗೆ ತಾವೇ ಬರೆಯುತ್ತಿದ್ದರು. ಕೊಳ್ಳೇಗಾಲ ಮದ್ರಾಸಿಗೆ ಸೇರಿದ್ದು, ಯಳಂದೂರು ಮೈಸೂರಿಗೆ ಸೇರಿದ್ದು. ನಡುವೆ ಗಡಿ, ಗಡಿಗೊಂದು ಚೌಕಿ. ಮಾವನ ಕುಂಚ ಚೌಕಿಯವರೆಗೆ. ಅದರಾಚೆಯ ಕಲ್ಲುಗಳು ಮೈಸೂರಿನವು. ಅವು ಮೈಸೂರಿಗೆ ಎಷ್ಟು ದೂರ ಅಂತ ಹೇಳುತ್ತಿದ್ದವೇ ಹೊರತು ಕೊಳ್ಳೇಗಾಲಕ್ಕೆ ಎಷ್ಟು ಅಂತ ಒಂದು ಕಲ್ಲೂ ಹೇಳುತ್ತಿರಲಿಲ್ಲ. ಇದು ಮಾವನಿಗೆ ದೊಡ್ಡ ಸಂಕಟ. "ನಮ್ಮ ಕಲ್ಲು ಆ ಕಡೆ ನೋಡ್ತದೆ ಕಣ್ಲಾ, ಅವರ ಕಲ್ಲು ಮಾತ್ರ ಈ ಕಡೆ ನೋಡಲ್ಲ" ಅನ್ನುತ್ತಿದ್ದರು.

ಕಲ್ಲಿನ ಮಾತೇ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಮಾವನ ಹೆಂಡತಿ ಆ ಕಡೆ ಇದ್ದರು.

ಮಾವನಿಗೆ ಮದುವೆಯಾದದ್ದು ತಡವಾಗಿ. ಮೂವತ್ತು ದಾಟಿತ್ತು. ಯಳಂದೂರಿನ ಹೆಣ್ಣು, ನಾನು ಅತ್ತೆಮ್ಮ ಅನ್ನುವವರು. ಮದುವೆಯಾಗಿ ಎರಡು ತಿಂಗಳಿಗೆ ಆಷಾಢ ಬಂತು. ಹೊಸದಾಗಿ ಮದುವೆಯಾದ ಹೆಣ್ಣು ಆಷಾಢದಲ್ಲಿ ತವರಿನಲ್ಲಿರಬೇಕು, ಅಳಿಯ ಆ ತಿಂಗಳು ಅತ್ತೆಮನೆಯ ಹೊಸ್ತಿಲು ತುಳಿಯಬಾರದು. ಅತ್ತೆಮ್ಮನ ಅಣ್ಣ ಗಾಡಿ ಕಟ್ಟಿಕೊಂಡು ಬಂದು ಕರೆದುಕೊಂಡು ಹೋದರು. ಒಂದು ತಿಂಗಳ ಮಾತು. ಶ್ರಾವಣ ಬಂತು. ಅತ್ತೆಮ್ಮ ಬರಲಿಲ್ಲ.

ಜಗಳ ಅಂತ ತಿಳಿಯಬೇಡಿ. ಜಗಳವಾಗಿದ್ದರೆ ಎರಡು ದಿನದಲ್ಲಿ ರಾಜಿಯಾಗುತ್ತಿತ್ತು. ಇಲ್ಲಿ ಆದದ್ದು ಮರ್ಯಾದೆ! ನಮ್ಮ ಮನೆಯ ಪದ್ಧತಿಯಲ್ಲಿ ಕರೆದುಕೊಂಡು ಹೋದ ಅಣ್ಣನೇ ತಂಗಿಯನ್ನು ತಂದು ಬಿಡಬೇಕು. ಅವರ ಮನೆಯ ಪದ್ಧತಿಯಲ್ಲಿ ಗಂಡ ಬಂದು ಬಾಗಿಲಲ್ಲಿ ನಿಂತು ಕರೆಯಬೇಕು. ನಮ್ಮ ಅವ್ವ, ಅಂದರೆ ಮಾವನ ಅಕ್ಕ, ಹೇಳಿದಳು: "ನಮ್ಮ ಕಡೆ ಯಾವತ್ತೂ ಅಣ್ಣನೇ ತಂದು ಬುಡೋದು. ಬುಡ್ಲಿ." ಅವರು ವೀಳ್ಯದೆಲೆ ಮಾರುವವನ ಕೈಲಿ ಹೇಳಿ ಕಳಿಸಿದರು: "ಬೇಕಾದೋರು ಬಂದು ಕರಕಂಡು ಓಗ್ಲಿ." ಎರಡೂ ಕಡೆಯವರು ಹೇಳಿದ್ದು ಸರಿ. ಎರಡೂ ಕಡೆಯವರು ಸರಿಯಾಗಿದ್ದರೆ ಏನಾಗುತ್ತದೆ ಹೇಳಿ? ದೀಪಾವಳಿ ಕಳೆಯಿತು, ಸಂಕ್ರಾಂತಿ ಕಳೆಯಿತು, ಮತ್ತೊಂದು ಆಷಾಢವೂ ಬಂದು ಹೋಯಿತು. ಹಿರಿಯರು ಒಂದು ಸಲ ಪಂಚಾಯಿತಿಗೆ ಸೇರಿದರು. ಎಲ್ಲಿ ಅಂತೀರಿ? ಚೌಕಿಯ ಪಕ್ಕದ ಹೊಂಗೆಮರದ ಕೆಳಗೆ! ನಮ್ಮವರು ಈ ಕಡೆ ಕೂತರು, ಅವರು ಆ ಕಡೆ ಕೂತರು. ಮೊದಲು ಯಾರು ಎದ್ದು ಬಂದು ಕೈಮುಗಿಯಬೇಕು ಅನ್ನುವುದು ಇತ್ಯರ್ಥವಾಗದೆ, ತಂದಿದ್ದ ಎಲೆಯಡಿಕೆಯನ್ನು ತಾವುತಾವೇ ಹಾಕಿಕೊಂಡು ಸಂಜೆಗೆ ಎದ್ದು ಹೋದರು.

"ನೀವೇ ಹೋಗಿ ಕರೆದುಬಿಡಿ ಮಾವ, ಏನು ಕಳೆದುಹೋಗುತ್ತದೆ?" ಅಂತ ನಾನೊಮ್ಮೆ ಅಂದೆ. ಆಗ ನಾನು ಕೊಳ್ಳೇಗಾಲದ ಶಾಲೆಯಲ್ಲಿ ಹೊಸದಾಗಿ ಇಂಗ್ಲಿಷ್ ಮೇಷ್ಟ್ರಾಗಿದ್ದೆ. ಲೋಕದ ಎಲ್ಲ ಸಮಸ್ಯೆಗೂ ನನ್ನ ಹತ್ತಿರ ಒಂದೊಂದು ವಾಕ್ಯ ಸಿದ್ಧವಿರುತ್ತಿತ್ತು.

"ಕರೀದೆ ಬಂದ ಅಳಿಯ ಅಂತ ಅನ್ನುಸ್ಕೊಳ್ಲಾ?" ಅಂದರು ಮಾವ. ಆಮೇಲೆ ಉಗುರಿನ ಸುಣ್ಣ ಕೆರೆಯುತ್ತಾ, "ಓಗಕ್ಕೆ ಒಂದು ಕೆಲಸ ಅಂತ ಇರ್ಬೇಕು ಕಣ್ಲಾ. ಸುಮ್‌ಸುಮ್ನೆ ಓಗಕ್ಕಾದದಾ?" ಅಂದರು.

ಅಂದರೇ? ಅಥವಾ ಮುಂದಿನದನ್ನು ಬಲ್ಲ ನಾನು ಈಗ ಆ ಮಾತನ್ನು ಅವರ ಬಾಯಿಗೆ ಹಾಕುತ್ತಿದ್ದೇನೆಯೇ? ಹೇಳಲಾರೆ. ಕೆಲಸ ಹುಡುಕಿಕೊಟ್ಟವನು ನಾನೇ ಅನ್ನುವುದು ಮಾತ್ರ ನಿಜ.

ಒಂದು ಮಧ್ಯಾಹ್ನ ಮಾವ ಕೈಯೆಲ್ಲ ಸುಣ್ಣ ಮಾಡಿಕೊಂಡು ಶಾಲೆಯ ಕಿಟಕಿಯ ಹತ್ತಿರ ಬಂದು ನಿಂತರು.

"ಲೇ ಮೇಷ್ಟ್ರೇ, ಮೈಲಿ ಅಂದ್ರೇನ್ಲಾ?"

"ಸಾವಿರದ ಏಳುನೂರ ಅರವತ್ತು ಗಜ ಮಾವ."

"ಅದು ಅಳತೆ. ಅದು ನಂಗೂ ಗೊತ್ತು. ನಾನು ಕೇಳಿದ್ದು ಅರ್ಥ. ಕಲ್ಲಿನ ಮೇಲೆ ಅದ್ನೇ ಬರೀತಾ ಬಂದಿವ್ನಿ. ಅರ್ಥ ಗೊತ್ತಿಲ್ದೆ ಬರೆಯೋದು ಯಾವ ಬರವಣಿಗೆ?"

ಇಂಗ್ಲಿಷ್ ಮೇಷ್ಟ್ರಿಗೆ ಅವಮಾನವಾಯಿತು. ಶಾಲೆಯಲ್ಲಿ ಒಂದು ದಪ್ಪ ನಿಘಂಟು ಇತ್ತು. ಪರೀಕ್ಷೆಯ ಕಾಗದ ಹಾರಿಹೋಗದ ಹಾಗೆ ಮೇಲಿಡುವುದಕ್ಕಷ್ಟೇ ಅದರ ಉಪಯೋಗ. ಅದನ್ನು ಎತ್ತಿ ತಂದು ಧೂಳು ಹೊಡೆದು ಓದಿ ಹೇಳಿದೆ. ಮೈಲಿ ಅಂದರೆ ಸಾವಿರ. ಇಂಗ್ಲಿಷಿನವರು ಆ ಮಾತನ್ನು ಪಡೆದದ್ದು ಲ್ಯಾಟಿನ್ನಿನಿಂದ.

"ಸಾವಿರ ಏನು? ಸಾವಿರ ಕುರಿಯಾ, ಸಾವಿರ ಎಮ್ಮೆಯಾ?"

"ಸಾವಿರ ಹೆಜ್ಜೆ ಮಾವ. ರೋಮಿನ ಸಿಪಾಯಿಗಳು ದೇಶ ದೇಶ ನಡೆಯುತ್ತಾ ಎಣಿಸಿದ್ದು. ಎಡಗಾಲು ನೆಲಕ್ಕೆ ಬಿದ್ದಾಗ ಒಂದು, ಮತ್ತೆ ಎಡಗಾಲು ಬಿದ್ದಾಗ ಎರಡು. ಹಾಗೆ ಸಾವಿರ ಆದರೆ ಒಂದು ಮೈಲಿ. ಬಲಗಾಲು ಲೆಕ್ಕಕ್ಕಿಲ್ಲ."

ಮಾವ ಕಿಟಕಿಯ ಸರಳು ಹಿಡಿದುಕೊಂಡು ನಿಂತೇ ಇದ್ದರು. ಸರಳಿಗೆಲ್ಲ ಸುಣ್ಣವಾಯಿತು. "ಅದಿನೈದು ವರ್ಸ ಆ ಕಲ್ಲಿಗೆ ಸುಣ್ಣ ಬಳಿದಿವ್ನಿ. ಅದರೊಳಗೆ ಒಬ್ಬ ನಡೀತಾ ಅವ್ನೆ ಅಂತ ಯಾರೂ ಯೋಳ್ನಿಲ್ವಲ್ಲ!" ಅಂದರು.

ಮುಂದಿನ ಶನಿವಾರ ಬೆಳಗ್ಗೆ ಎದ್ದು ನೋಡಿದರೆ ಮಾವ ಜಗುಲಿಯ ಮೇಲೆ ಕೂತು ಹುಣಿಸೆಬೀಜ ಎಣಿಸುತ್ತಿದ್ದಾರೆ. ನೂರು ಎಡಗಾಲಿಗೆ ಒಂದು ಬೀಜವನ್ನು ಈ ಜೋಬಿನಿಂದ ಆ ಜೋಬಿಗೆ ಹಾಕುವುದು. ಇದು ಅವರೇ ಕಂಡುಹಿಡಿದ ಉಪಾಯ.

"ಎಲ್ಲಿಗೋ ಸವಾರಿ?" ಅಂದಳು ಅವ್ವ.

"ಮೈಲಿ ಅಳೆಯಕ್ಕೆ. ಯಳಂದೂರು ರಸ್ತೇಲಿ."

"ಹನೂರು ರಸ್ತೇಲಿ ಮೈಲಿ ಇಲ್ವಾ?"

"ಅದು ಏರು ಇಳಿವು ಅಕ್ಕಯ್ಯ. ಶಾಸ್ತ್ರಕ್ಕಾಗಲ್ಲ."

ಅವ್ವ ನನ್ನ ಮುಖ ನೋಡಿದಳು. ನಾನು ಅವ್ವನ ಮುಖ ನೋಡಿದೆ. ಅವ್ವ ಒಳಗೆ ಹೋಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಕಟ್ಟಿ ತಂದುಕೊಟ್ಟಳು. ಶಾಸ್ತ್ರಕ್ಕಾದರೂ ಹೊಟ್ಟೆ ತುಂಬಿರಬೇಕಲ್ಲ!

ಅವತ್ತಿನಿಂದ ಮೂರು ವರ್ಷ, ಸುಗ್ಗಿ ಇರಲಿ ಮಳೆ ಇರಲಿ, ಶನಿವಾರ ಬಂತು ಅಂದರೆ ಮಾವ ಮೈಲಿ ಅನ್ನುವ ಪದದ ಮೂಲ ಹುಡುಕಿಕೊಂಡು ಹತ್ತು ಮೈಲಿ ನಡೆಯುತ್ತಿದ್ದರು. ಯಳಂದೂರಿನ ಊರಮುಂದೆ ಒಂದು ಕಲ್ಲಿದೆ. ಅದನ್ನು ಮುಟ್ಟಿ, ನೋಟ್ ಪುಸ್ತಕದಲ್ಲಿ "ಹೋಗು" ಅನ್ನುವ ಕಡೆ ಅಂಕಿ ಬರೆದು, ರೊಟ್ಟಿ ತಿಂದು, ತಿರುಗಿ ಎಣಿಸುತ್ತಾ ಬಂದು "ಬರು" ಅನ್ನುವ ಕಡೆ ಬರೆಯುತ್ತಿದ್ದರು. ಅತ್ತೆಮ್ಮನ ತವರು ಆ ಕಲ್ಲಿನಿಂದ ಕೂಗಳತೆ. ಆದರೆ ಮಾವ ಕಲ್ಲು ದಾಟಲಿಲ್ಲ. ಕಲ್ಲಿನವರೆಗೆ ಶಾಸ್ತ್ರ, ಕಲ್ಲು ದಾಟಿದರೆ ಕರೆಯದೆ ಬಂದ ಅಳಿಯ!

ಮೊದಲ ದಿನವೇ ಒಂದು ಆಘಾತವಾಯಿತು. ರೋಮಿನವರಿಗೆ ಸಾವಿರ ಸಾಕಾದ ಮೈಲಿಗೆ ಮಾವನಿಗೆ ಸಾವಿರದ ನೂರಿಪ್ಪತ್ತು ಬೇಕಾಯಿತು. "ಆ ನೂರಿಪ್ಪತ್ತು ಯಾರದ್ಲಾ?" ಅಂತ ನನ್ನನ್ನೇ ಕಳ್ಳನ ಹಾಗೆ ನೋಡಿದರು. ಮತ್ತೆ ನಿಘಂಟು ಎತ್ತಿದೆ. ರೋಮಿನ ಮೈಲಿ ಸಣ್ಣದಂತೆ. ಇಂಗ್ಲೆಂಡಿನಲ್ಲಿ ಹೊಲ ಅಳೆಯುವುದಕ್ಕೆ ಫರ್ಲಾಂಗ್ ಅಂತ ಒಂದು ಇತ್ತಂತೆ. ಅದರ ಅರ್ಥ, ನೇಗಿಲು ಎಳೆದ ಒಂದು ಸಾಲಿನ ಉದ್ದ. ಹಳ್ಳಿಯವರ ಆ ಲೆಕ್ಕಕ್ಕೆ ಹೊಂದಲಿ ಅಂತ ಮೈಲಿಯನ್ನೇ ಎಳೆದು ಎಂಟು ಫರ್ಲಾಂಗ್ ಮಾಡಿದರಂತೆ.

ಮಾವ ಎದ್ದು ನಿಂತರು. "ನೋಡ್ದಾ! ಮೈಲಿ ಎಳೆದ್ರೆ ಬತ್ತದೆ!"

ಈ ಫರ್ಲಾಂಗಿನ ಸಲುವಾಗಿ ಅವರು ಬಂಡಳ್ಳಿ ಕಡೆ ಒಬ್ಬ ರೈತನನ್ನು ಹಿಡಿದುಕೊಂಡದ್ದನ್ನು ನಾನು ಕಣ್ಣಾರೆ ನೋಡಿಲ್ಲ. ಆ ರೈತನೇ ಹನೂರಿನ ಸಂತೆಯಲ್ಲಿ ಸಿಕ್ಕಿ ಹೇಳಿದ್ದು, ಅದೂ ಎರಡು ಸಲ ಎರಡು ಥರ. ಉಳುತ್ತಿದ್ದವನನ್ನು ಮಾವ ರಸ್ತೆಯಿಂದಲೇ ಕೂಗಿದರಂತೆ: "ಗೌಡ್ರೇ, ನಿಲ್ಲಿಸದೆ ಎತ್ತು ಎಷ್ಟು ದೂರ ಓದದೋ ಅಷ್ಟು ದೂರ ಒಂದೇ ಸಾಲು ಹೊಡೀರಿ. ನೋಡವಾ."

"ನಮ್ಮ ಹೊಲ ಇರೋದೇ ಇಷ್ಟು ಸಾ. ಬದ ಬಂದೇಟ್ಗೆ ಎತ್ತು ತಿರಿಕತದೆ."

"ಇಂಗ್ಲೆಂಡಲ್ಲಿ ತಿರುಗಾಕಿಲ್ಲ."

"ಅಂಗಾದ್ರೆ ಅಲ್ಲಿ ಹೊಲ ಯಾರ್ದು ಸಾ? ಎತ್ತಿಂದಾ?"

ಒಂದು ಹೇಳಿಕೆಯ ಪ್ರಕಾರ ಮಾವ ಆಮೇಲೆ ತಾವೇ ನೇಗಿಲಿನ ಮೇಳಿ ಹಿಡಿದರು. ಇನ್ನೊಂದರ ಪ್ರಕಾರ ಹೊಲದ ಬದುವಿನ ಮೇಲೆ ಕೂತು ಅವನ ಅಂಬಲಿ ಕುಡಿದು ಎದ್ದುಬಂದರು. ಅಂಬಲಿಯೇ ನಿಜವಿರಬೇಕು.

ಚೌಕಿಯದು ಇನ್ನೊಂದು ಕಥೆ. ಯುದ್ಧದ ಕಾಲ. ಅಕ್ಕಿ ಈ ಕಡೆಯಿಂದ ಆ ಕಡೆಗೆ ಒಂದು ಸೇರೂ ದಾಟುವ ಹಾಗಿರಲಿಲ್ಲ. ಚೌಕಿಯಲ್ಲಿ ಮೈಸೂರಿನ ಪೋಲೀಸಿನವನು ಒಬ್ಬ ಸದಾ ಇರುತ್ತಿದ್ದ. ಎರಡು ಜೋಬೂ ಉಬ್ಬಿಸಿಕೊಂಡು, ಯಾರನ್ನೂ ನೋಡದೆ, ತುಟಿ ಅಲ್ಲಾಡಿಸುತ್ತಾ ಬರುವ ಮನುಷ್ಯನನ್ನು ಬಿಡುತ್ತಾನೆಯೇ?

"ಏನ್ರೀ ಜೋಬಲ್ಲಿ?"

ಮಾವ ಬೆರಳೆತ್ತಿ ತಡೆ ಅಂತ ಸನ್ನೆ ಮಾಡಿ ನಡೆದೇ ನಡೆದರು. ಅವನು ತೋಳು ಹಿಡಿದ. ಜೋಬಿಗೆ ಕೈಹಾಕಿದ. ಹುಣಿಸೆಬೀಜ!

"ಇದೇನ್ರೀ?"

"ಐದು ಸಾವಿರದ ಮುನ್ನೂರು! ಮ್ಯಾಲೆ ಅರವತ್ತೇಳೋ ಅರವತ್ತೆಂಟೋ ಆಗಿತ್ತು. ನಿಮ್ಮಿಂದ ಓಯ್ತು!" ಅಂದವರೇ ಮಾವ ಹಿಂದಿನ ಕಲ್ಲಿನವರೆಗೆ ವಾಪಸ್ ಹೋಗಿ ಮತ್ತೆ ಎಣಿಸುತ್ತಾ ಬಂದರು. ಮುಂದಿನ ಶನಿವಾರ ಮತ್ತೆ ಅದೇ ಜಗಳ. ನಾಲ್ಕನೆಯದೋ ಐದನೆಯದೋ ಶನಿವಾರ ಆ ಪೋಲೀಸಿನವನು ರಸ್ತೆಗೇ ಬಂದು ನಿಂತಿದ್ದನಂತೆ. "ಸ್ವಾಮಿ, ಬಿಸಿಲು ಜಾಸ್ತಿ. ಕೂತು ಒಂದು ಲೋಟ ಮಜ್ಜಿಗೆ ಕುಡೀರಿ. ಅಲ್ಲೀಗಂಟ ನಿಮ್ಮ ಲೆಕ್ಕ ನಾನು ಹಿಡ್ಕಂಡಿರ್ತೀನಿ. ಎಷ್ಟಾಯ್ತು?" "ಬೀಜದ ಮ್ಯಾಲೆ ನಲವತ್ತೊಂದು." ಮಾವ ಮಜ್ಜಿಗೆ ಕುಡಿಯುವಷ್ಟು ಹೊತ್ತೂ ಅವನು ಪಕ್ಕದಲ್ಲಿ ನಿಂತು "ನಲವತ್ತೊಂದು, ನಲವತ್ತೊಂದು" ಅನ್ನುತ್ತಿದ್ದನಂತೆ. ಒಂದು ಸರ್ಕಾರದ ಮನುಷ್ಯ ಇನ್ನೊಂದು ಸರ್ಕಾರದ ಮನುಷ್ಯನ ಎಡಗಾಲನ್ನು ಬಾಯಲ್ಲಿ ಹಿಡಿದುಕೊಂಡು ನಿಲ್ಲುವುದು ಬೇರೆಲ್ಲಾದರೂ ಉಂಟೇ!

ಆದರೆ ಮಾವನ ನಿದ್ದೆ ಕೆಡಿಸಿದ್ದು ಇವು ಯಾವೂ ಅಲ್ಲ. ಹೋಗುವಾಗ ಮೈಲಿಗೆ ಸಾವಿರದ ನೂರಿಪ್ಪತ್ತು. ಬರುವಾಗ ಸಾವಿರದ ನೂರ ಎಪ್ಪತ್ತು. ಒಂದು ವಾರವಲ್ಲ ಎರಡು ವಾರವಲ್ಲ, ಪ್ರತಿ ಶನಿವಾರ! ಅದೇ ರಸ್ತೆ, ಅದೇ ಕಲ್ಲು, ಅದೇ ಕಾಲು. ಬರುವ ರಸ್ತೆ ಮಾತ್ರ ಉದ್ದ.

ಮೊದಲು ಇಳಿಜಾರು ಅಂದರು. ನೀರು ಚೆಲ್ಲಿ ನೋಡಿದರು. ಆಮೇಲೆ ಗಾಳಿ ಅಂದರು. ಗಾಳಿ ದಿಕ್ಕು ಬದಲಾಯಿಸಿದರೂ ಅಂಕಿ ಬದಲಾಗಲಿಲ್ಲ. ರೊಟ್ಟಿಯ ಭಾರ ಅಂದರು. ಒಂದು ವಾರ ಉಪವಾಸ ನಡೆದರು. ಕೊನೆಗೆ ಸರ್ವೇ ಸರಪಳಿ ತಂದು ಚೌಕಿಯವರೆಗೆ ಎರಡೂ ಕಡೆಯಿಂದ ಅಳೆಸಿದರು. ಒಂದು ಕೊಂಡಿಯೂ ವ್ಯತ್ಯಾಸವಿಲ್ಲ.

"ಸರಿ ಹೋಯಿತಲ್ಲ ಮಾವ?" ಅಂದೆ.

"ಸರಪಳಿಗೇನು ಗೊತ್ತು? ಅದಕ್ಕೆ ಕಾಲಿದ್ದದಾ?" ಅಂದು ಸರಪಳಿಯನ್ನು ಸುತ್ತಿ ಹಿಂದಕ್ಕೆ ಕಳಿಸಿದರು.

ಊರಿನವರಿಗೆಲ್ಲ ಅರ್ಥವಾಗಿತ್ತು. ಶನಿವಾರ ಸಂಜೆ ಮಾವ ಧೂಳು ಮೆತ್ತಿದ ಕಾಲಲ್ಲಿ ಬರುವಾಗ ಕಾಫಿ ಅಂಗಡಿಯ ಮುಂದೆ ಕೂತವರು ಕೇಳುತ್ತಿದ್ದರು: "ಏನ್ ಮೇಸ್ತ್ರಿಗಳೇ, ರಸ್ತೆ ಬೆಳೀತಾ ಅದಾ?" "ಬೆಳೀತಾ ಅದೆ ಕಣ್ರಯ್ಯ" ಅನ್ನುತ್ತಿದ್ದರು ಮಾವ, ತಮಾಷೆ ಇಲ್ಲದೆ. ಮನೆಗೆ ಬಂದು ದೀಪದ ಮುಂದೆ ಎರಡು ಅಂಕಿಯನ್ನೂ ಪಕ್ಕ ಪಕ್ಕ ಇಟ್ಟು ನೋಡುತ್ತಾ ಕೂರುತ್ತಿದ್ದರು. ಅರ್ಥವಾಗದ್ದು ಅವರೊಬ್ಬರಿಗೇ. ಅಥವಾ ಅವರಿಗೇ ಎಲ್ಲರಿಗಿಂತ ಮೊದಲು ಅರ್ಥವಾಗಿತ್ತೋ? ಆಗ ನನಗೆ ಇದು ಹೊಳೆಯಲಿಲ್ಲ. ಆಗ ನಾನು ನಗುತ್ತಿದ್ದೆ.

ಒಂದು ಬೇಸಿಗೆಯಲ್ಲಿ ಮಾವನ ಕಾಲಿಗೆ ಜಾಲಿಮುಳ್ಳು ನಾಟಿತು. ಯಾವ ಕಾಲು ಅಂತ ಕೇಳುವುದೇ ಬೇಡ. ಎಡಗಾಲು! ಬೂದುಗುಂಬಳದ ಹಾಗೆ ಊದಿಕೊಂಡಿತು. ಅರಿಸಿನ ಕಟ್ಟಿ ಮಲಗಿಸಿದೆವು. ಶುಕ್ರವಾರ ಸಂಜೆ ನನ್ನನ್ನು ಕರೆದರು.

"ನಾಳೆ ನೀನು ಓಗು."

"ಬಸ್ಸಿಗೆ ಹೋಗುತ್ತೇನೆ ಮಾವ." ಆಗ ಇದ್ದಿಲಿನ ಹೊಗೆಯಲ್ಲಿ ಓಡುವ ಬಸ್ಸು ಬಂದಿತ್ತು.

"ಬಸ್ಸಿಗೆ ಎಡಗಾಲು ಅದಾ? ನಡ್ಕಂಡು ಓಗು. ಒಂದು ಶನಿವಾರಾನೂ ತಪ್ಪಿಲ್ಲ ಕಣ್ಲಾ" ಅಂದರು. ಗೋಡೆಯ ಕಡೆ ಮುಖ ತಿರುಗಿಸಿಕೊಂಡು, ಸ್ವಲ್ಪ ಮೆತ್ತಗೆ, "ಈ ವಾರ ಬರ್ನಿಲ್ಲ ಅಂದ್ರೆ ಏನೇನೋ ಅನ್ಕಬೌದು" ಅಂದರು.

ಯಾರು ಅನ್ಕಬೌದು ಅಂತ ನಾನು ಕೇಳಲಿಲ್ಲ. ಕಲ್ಲು ಅಂತೂ ಏನೂ ಅಂದುಕೊಳ್ಳುವುದಿಲ್ಲ.

ನಡೆದೆ. ನಿಮಗೆ ನಿಜ ಹೇಳುತ್ತೇನೆ, ಚೌಕಿ ದಾಟುವ ಹೊತ್ತಿಗೆ ಲೆಕ್ಕ ತಪ್ಪಿತು. ದಾರಿಯಲ್ಲಿ ಸಿಗುವ ಮಾಂಬಳ್ಳಿ ಕಳೆದ ಮೇಲೆ ನಾನು ಬರೆದದ್ದು ಬರೀ ಅಂದಾಜು. ಮಾವನ ಪುಸ್ತಕದಲ್ಲಿ ಇರುವ ಒಂದೇ ಸುಳ್ಳು ನನ್ನದು. ಊರಮುಂದಿನ ಕಲ್ಲಿನ ಹತ್ತಿರ ನಿಂತೆ. ಮಾವ ಮುಟ್ಟಿ ಮುಟ್ಟಿ ಅದರ ನೆತ್ತಿ ಒಂದು ಕಡೆ ನುಣುಪಾಗಿತ್ತು. ಇಲ್ಲಿಂದ ತಿರುಗಿ ಹೋಗುವುದು ನನ್ನಿಂದ ಆಗಲಿಲ್ಲ. ನಾನು ಯಾರ ಮನೆಯ ಅಳಿಯನೂ ಅಲ್ಲವಲ್ಲ!

ಅತ್ತೆಮ್ಮ ಜಗುಲಿಯ ಮೇಲೆ ಹುಣಿಸೆಹಣ್ಣು ಬಿಡಿಸುತ್ತಾ ಕೂತಿದ್ದರು. ಮದುವೆಯಲ್ಲಿ ನೋಡಿದ್ದಕ್ಕಿಂತ ತೆಳ್ಳಗಾಗಿದ್ದರು. ನನ್ನನ್ನು ನೋಡಿ ಎದ್ದರು. ನನ್ನ ಹಿಂದೆ ರಸ್ತೆಯನ್ನು ನೋಡಿದರು.

"ಅವರಿಗೆ ಏನಾಯ್ತು ಮೇಷ್ಟ್ರೇ?"

"ಏನಿಲ್ಲ ಅತ್ತೆಮ್ಮ. ಕಾಲಿಗೆ ಮುಳ್ಳು. ಎಂಟು ದಿನದಲ್ಲಿ ವಾಸಿಯಾಗುತ್ತದೆ."

ಅವರು ಕೂತುಕೊಂಡರು. ಒಂದು ಹುಣಿಸೆಹಣ್ಣು ಬಿಡಿಸಿದರು. ಆಮೇಲೆ ತಲೆ ಎತ್ತದೆ ಕೇಳಿದರು: "ಎಷ್ಟಾಯ್ತು?"

"ಏನು?"

"ಎಜ್ಜೆ."

"ನಿಮಗೆ ಹೇಗೆ ಗೊತ್ತು?"

"ಚೌಕಿ ಪೋಲೀಸಪ್ಪ ನಮ್ಮ ಬೀದಿಯೋನೇ. ಅವನು ಯೋಳ್ದೆ ಇದ್ರೂ ಗೊತ್ತಾಗಲ್ವಾ? ಶನಿವಾರ ಶನಿವಾರ ಬಂದು ಕಲ್ಲು ಮುಟ್ಟಿ, ಅದೇನೋ ಬರ್ಕಂಡು, ಮಕ ತಿರುಗಿಸ್ಕಂಡು ಓಗೋರ್ನ ಊರು ನೋಡಲ್ವಾ?"

"ಹಾಗಾದರೆ ಒಂದು ಸಲ ನೀವೇ ಕರೆಯಬಹುದಿತ್ತಲ್ಲ ಅತ್ತೆಮ್ಮ?"

"ಅವರೂ ಕರೀಬೌದಿತ್ತಲ್ಲ" ಅಂದರು. ಕೋಪವಿರಲಿಲ್ಲ. ಸಾವಿರ ಸಲ ತಮಗೆ ತಾವೇ ಹೇಳಿಕೊಂಡು ಸವೆದುಹೋದ ಮಾತಿನ ಹಾಗಿತ್ತು. ನೀರು ಕೊಟ್ಟರು, ಬೆಲ್ಲ ಕೊಟ್ಟರು. ಅವರಣ್ಣ ಮನೆಯಲ್ಲಿರಲಿಲ್ಲ. ಹೊರಡುವಾಗ ಬಿಡಿಸಿಟ್ಟ ಬೀಜಗಳಲ್ಲಿ ಒಂದು ಹಿಡಿ ತೊಳೆದು, ಬಟ್ಟೆಯಲ್ಲಿ ಕಟ್ಟಿ ನನ್ನ ಕೈಗಿಟ್ಟರು. "ಹಳೇವು ಸವೆದಿರ್ತವೆ. ಕೊಡಿ" ಅಂದರು. ನಾನು ಬೀದಿಗಿಳಿದ ಮೇಲೆ ಮತ್ತೆ ಕರೆದರು.

"ಮೇಷ್ಟ್ರೇ, ನಿಮ್ಮ ಮಾವನಿಗೆ ಯೋಳಿ. ಆ ಕಲ್ಲಿಂದ ನಮ್ಮ ಬಾಗ್ಲಿಗೆ ಇನ್ನೂರ ಮೂವತ್ತೊಂದು. ಎಡಗಾಲು ಮಾತ್ರ. ನಾನು ಅವರು ಓದ್ಮೇಲೆ ಸಂಜೆ ನೀರಿಗೆ ಓಗೋವಾಗ ಎಣಿಸಿವ್ನಿ. ತುಂಬ ಸಲ ಎಣಿಸಿವ್ನಿ." ಸೆರಗಿಗೆ ಕೈ ಒರೆಸಿಕೊಳ್ಳುತ್ತಾ, "ಹೊಸ್ತಿಲು ಸೇರಿಸಿಲ್ಲ. ಹೊಸ್ತಿಲು ದಾಟೋದು ಬಲಗಾಲಲ್ಲಿ. ಅದು ಅವರ ಲೆಕ್ಕಕ್ಕೆ ಬರಲ್ಲ" ಅಂದರು.

ಇದೆಲ್ಲ ಹೀಗೇ ನಡೆಯಿತೇ? ಬೀಜದ ಗಂಟು ಕೊಟ್ಟದ್ದು ಬೇರೆ ಯಾವುದೋ ದಿನವೋ ಏನೋ. ಬೆಲ್ಲ ಅಂದೆನಲ್ಲ, ಅದು ಬಾಳೆಹಣ್ಣೂ ಇರಬಹುದು. ಬರೆಯುವವನಿಗೆ ಬೇಕಾದ ಕಡೆ ಬೇಕಾದ ವಸ್ತು ಬಂದು ಕೂರುವುದನ್ನು ಕಂಡರೆ ನನಗೇ ಅನುಮಾನ. ಆದರೆ ಇನ್ನೂರ ಮೂವತ್ತೊಂದು ಸುಳ್ಳಲ್ಲ. ಅದು ಮಾವನ ಪುಸ್ತಕದಲ್ಲಿದೆ.

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಮಾವ ಗೋಡೆಗೆ ಒರಗಿ ಕೂತಿದ್ದರು.

"ಓಗೋವಾಗ ಎಷ್ಟು?"

ನನ್ನ ಅಂದಾಜು ಹೇಳಿದೆ. ಬರೆದುಕೊಂಡರು.

"ಬರೋವಾಗ?"

"ಎಣಿಸಲಿಲ್ಲ ಮಾವ." ನಿಜಕ್ಕೂ ಎಣಿಸಿರಲಿಲ್ಲ. ಮನೆಗೆ ಒಯ್ಯಬೇಕಾದ ಮಾತು ಒಂದು ಬಾಯಲ್ಲಿದ್ದಾಗ ಬೇರೆ ಲೆಕ್ಕ ಹೇಗೆ ಹಿಡಿಯುತ್ತದೆ? ಬೈಯಿಸಿಕೊಳ್ಳುವ ಮೊದಲೇ ಗಂಟನ್ನು ಕೈಗಿಟ್ಟು ಎಲ್ಲವನ್ನೂ ಹೇಳಿಬಿಟ್ಟೆ. ಕಲ್ಲು, ಬಾಗಿಲು, ಎಡಗಾಲು, ಹೊಸ್ತಿಲು.

ಮಾವ ಗಂಟು ಬಿಚ್ಚಿದರು. ಕಟ್ಟಿದರು. ಸೀಸದಕಡ್ಡಿಯನ್ನು ನಾಲಗೆಗೆ ಒತ್ತಿ 231 ಅಂತ ಬರೆದರು. ಮೈಲಿಗಲ್ಲಿನ ಮೇಲೆ ಬರೆಯುವ ಹಾಗೆ, ದಪ್ಪಗೆ, ಗುಂಡಗೆ. ಆಮೇಲೆ ಹೇಳಿದರು: "ಅವಳ ಎಜ್ಜೆ ಸಣ್ಣದು. ನಂದಾದ್ರೆ ನೂರ ತೊಂಬತ್ತಾದಾತು." ಅರಿಸಿನ ಕಟ್ಟಿದ ಕಾಲನ್ನು ಮಡಿಸಿ ನೋಡಿ: "ಅಳೆದು ನೋಡ್ಬೇಕು."

ಅಡುಗೆಮನೆಯಲ್ಲಿ ಅವ್ವ ಪಾತ್ರೆ ತೊಳೆಯುವ ಸದ್ದು ನಿಂತಿತ್ತು. "ನೋಡ್ಬಾರಪ್ಪ. ಅಳೆಯೋಕೇನು ಮರ್ಯಾದೆ ಓದದಾ?" ಅಂದಳು ಒಳಗಿನಿಂದಲೇ.

ಆ ಸೋಮವಾರವೇ ನನಗೆ ಹನೂರಿನ ಶಾಲೆಗೆ ವರ್ಗವಾಯಿತು. ರಜೆಗೆ ಊರಿಗೆ ಬರುವ ಹೊತ್ತಿಗೆ ಒಂದೂವರೆ ತಿಂಗಳಾಗಿತ್ತು. ಜಗುಲಿ ಹತ್ತುತ್ತಿದ್ದಂತೆ ಒಳಗಿನಿಂದ ಹೆಂಗಸಿನ ದನಿ: "ಮೇಷ್ಟ್ರೇ, ಕಾಲು ತೊಳ್ಕಂಡು ಬನ್ನಿ. ಈಗ ತಾನೇ ಸಾರ್ಸಿವ್ನಿ." ಅವ್ವನ ದನಿಯಲ್ಲ.

ಹೇಗೆ ಬಂದರು ಅಂತ ಅವ್ವನನ್ನು ಕೇಳಿದೆ. "ನಂಗೇನು ಗೊತ್ತು? ಶನಿವಾರ ಒಬ್ಬನೇ ಓದ. ಭಾನುವಾರ ಇಬ್ಬರು ಬಂದ್ರು. ನಾನು ಆರತಿ ಮಾಡಿ ಒಳಕ್ಕೆ ಕರ್ಕಂಡೆ. ಕೇಳಿದ್ರೆ ಎಲ್ಲಿ ವಾಪಸ್ ಓಗ್ಬುಟ್ಟಾರು ಅಂತ ಕೇಳ್ನಿಲ್ಲ."

ಮಾವನನ್ನು ಕೇಳಿದೆ: "ಮಾವ, ಕೊನೆಗೆ ಯಾರು ಕರೆದದ್ದು? ನೀವೋ ಅವರೋ?"

"ಫರ್ಲಾಂಗ್ ಅಂದ್ರೆ ನೇಗಿಲಿನ ಸಾಲು ಅಂದೆಯಲ್ಲ, ಅಂಗಾದ್ರೆ ಗಜ ಅಂದ್ರೇನ್ಲಾ?" ಅಂದರು ಮಾವ.

ಅದಾದ ಮೇಲೆ ಮಾವ ಯಳಂದೂರು ರಸ್ತೆಯನ್ನು ಅಳೆಯಲಿಲ್ಲ. ಮೈಲಿಯ ಅರ್ಥ ಸಿಕ್ಕಿತೇ ಅಂತ ಕಾಫಿ ಅಂಗಡಿಯವರು ಕೇಳಿದರೆ "ಸಿಕ್ತು" ಅನ್ನುತ್ತಿದ್ದರು. ಏನದು ಅಂತ ಕೇಳಿದರೆ ನಗುತ್ತಿದ್ದರು. ಮಾವ ನಗುವುದನ್ನು ಕೊಳ್ಳೇಗಾಲ ಮೊದಲ ಸಲ ನೋಡಿದ್ದು ಆಗ.

ಹೋದ ಮಾಘದಲ್ಲಿ ಮಾವ ತೀರಿಕೊಂಡರು. ಎರಡು ದಿನದ ಜ್ವರ. ನೋಟ್ ಪುಸ್ತಕಗಳನ್ನು ಅತ್ತೆಮ್ಮ ನನಗೆ ಕೊಟ್ಟರು. ಕೊನೆಯ ಪುಟ ತೆರೆದು ನೋಡಿದೆ. "ಹೋಗು" ಅನ್ನುವ ಕಡೆ ಹತ್ತು ಮೈಲಿಯ ಲೆಕ್ಕ ಇದೆ. ಯಾವ ಶನಿವಾರಕ್ಕಿಂತಲೂ ಕಡಿಮೆ. ಅದರ ಕೆಳಗೆ, ಕಲ್ಲಿನಿಂದ ಬಾಗಿಲಿಗೆ ಅಂತ, ಮೊದಲೇ ಬರೆದಿಟ್ಟುಕೊಂಡಿದ್ದ ನೂರ ತೊಂಬತ್ತು. ಅದನ್ನು ಹೊಡೆದುಹಾಕಿ ನೂರ ಅರವತ್ತೆರಡು ಅಂತ ಮಾಡಿದ್ದಾರೆ. ಅಷ್ಟು ಉದ್ದುದ್ದ ಹೆಜ್ಜೆ ಹಾಕಿದ್ದಾರೆ, ಇನ್ನೂ ಪೂರ್ತಿ ವಾಸಿಯಾಗದ ಕಾಲಲ್ಲಿ! "ಬರು" ಅನ್ನುವ ಕಡೆ ಏನೂ ಇಲ್ಲ. ಖಾಲಿ.

ಅತ್ತೆಮ್ಮನಿಗೆ ಆ ಪುಟ ತೋರಿಸಿದೆ. ಬೆರಳಿನಿಂದ ಆ ಅಂಕಿಯನ್ನು ಸವರಿದರು.

"ಅವತ್ತು ಬಾಗಿಲಲ್ಲಿ ಯಾರು ಮೊದಲು ಕರೆದದ್ದು ಅತ್ತೆಮ್ಮ?"

"ಅವರು ಯೋಳ್ನಿಲ್ವಾ ನಿಮಗೆ?"

"ಇಲ್ಲ."

"ಅಂಗಾದ್ರೆ ನಾನೂ ಯೋಳಲ್ಲ" ಅಂದರು. ಪುಸ್ತಕ ಮುಚ್ಚಿ ನನ್ನ ಕೈಗಿಟ್ಟು ಒಲೆಯ ಕಡೆ ತಿರುಗಿಕೊಂಡರು.

ಕೊಳ್ಳೇಗಾಲವೂ ಯಳಂದೂರೂ ಒಂದೇ ರಾಜ್ಯಕ್ಕೆ ಸೇರುತ್ತವಂತೆ, ಚೌಕಿಯನ್ನು ಕಿತ್ತುಹಾಕುತ್ತಾರಂತೆ ಅಂತ ಈಗ ಮಾತು ನಡೆಯುತ್ತಿದೆ. ಕಲ್ಲುಗಳಿಗೆ ಹೊಸದಾಗಿ ಅಂಕಿ ಬರೆಯಬೇಕಾಗುತ್ತದೆ. ಬರೆಯುವವರು ಯಾರೋ. ಹೋದ ಶನಿವಾರ ನಾನು ಆ ರಸ್ತೆಯಲ್ಲಿ ನಡೆದುಕೊಂಡು ಹೋಗಿ, ಕಲ್ಲಿನಿಂದ ಆ ಬಾಗಿಲಿನವರೆಗೆ ಎಡಗಾಲು ಎಣಿಸಿ ನೋಡಿದೆ. ನನಗೆ ಇನ್ನೂರ ಐದು ಆಯಿತು. ಬಾಗಿಲು ಮುಚ್ಚಿತ್ತು. ಅವತ್ತು ಇದರ ಒಂದು ಕಡೆ ಮಾವ ನಿಂತಿದ್ದರು, ಇನ್ನೊಂದು ಕಡೆ ಅತ್ತೆಮ್ಮ ನಿಂತಿದ್ದರು, ನಡುವೆ ಆ ಹೊಸ್ತಿಲು. ಅಲ್ಲಿಯವರೆಗೆ ನನ್ನ ಲೆಕ್ಕ ಬರುತ್ತದೆ. ಯಾರು ಯಾರನ್ನು ಕರೆದರು, ಅಥವಾ ಯಾರೂ ಕರೆಯಲೇ ಇಲ್ಲವೋ, ನನಗೆ ಗೊತ್ತಿಲ್ಲ.